ಚೌಪಾಟಿಯಿಂದ ಚಳ್ಳಕೆರೆಗೆ: ಹೈಪರ್‌ಸಾನಿಕ್ ಪರೀಕ್ಷಾ ವಿಮಾನಗಳ ಕಥೆ

(ಮುಂಬಯಿಯ ಕನ್ನಡಿಗರ ಸಭೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ನಮ್ಮ ಸಂಘಸಂಸ್ಥೆಗಳ ದತ್ತಿ ಉಪನ್ಯಾಸಗಳಲ್ಲಿ ಸಾಹಿತ್ಯ, ಯಕ್ಷಗಾನ, ರಂಗಭೂಮಿಗಳಿಗೆ ಸಿಕ್ಕಷ್ಟು ಜಾಗ ಎಂಜಿನಿಯರಿಂಗಿಗೆ ಸಿಕ್ಕಿಲ್ಲ. ಈ ನಗರದ ಕನ್ನಡಿಗರಲ್ಲಿ ಲೇತ್ ಯಂತ್ರದ ಮುಂದೆ, ಡ್ರಾಯಿಂಗ್ ಬೋರ್ಡಿನ ಮುಂದೆ, ಪ್ರಯೋಗಾಲಯದಲ್ಲಿ ಆಯುಷ್ಯ ಕಳೆದವರಿಗೇನೂ ಕಡಿಮೆಯಿಲ್ಲ. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿ ಕಾರ್ಖಾನೆಯ ಗೇಟು ದಾಟಿದ ಒಂದು ಪೀಳಿಗೆಯೇ ನಮ್ಮಲ್ಲಿದೆ. ಅವರ ಕೆಲಸದ ಲೋಕವೂ ಕನ್ನಡದ ಮಾತಿಗೆ ಬರಬೇಕು ಎಂಬ ಆಸೆಯಿಂದ ಇಂದಿನ ವಿಷಯವನ್ನು ಆರಿಸಿಕೊಂಡಿದ್ದೇನೆ. ಶಬ್ದದ ಐದು ಪಟ್ಟಿಗೂ ಮೀರಿದ ವೇಗವನ್ನು ಅರಿಯಲು ಕಟ್ಟುವ, ಯಾರೂ ಒಳಗೆ ಕೂರದ ಪ್ರಾಯೋಗಿಕ ವಿಮಾನಗಳ ಬಗ್ಗೆ ಮಾತನಾಡುತ್ತೇನೆ.

ಮೊದಲು ವೇಗದ ಅಂದಾಜು ಸಿಗಲಿ. ನೆಲದಿಂದ ಮೂವತ್ತು ಕಿಲೋಮೀಟರ್ ಎತ್ತರದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 300 ಮೀಟರ್ ಸಾಗುತ್ತದೆ. ಅದರ ಆರು ಪಟ್ಟು ಎಂದರೆ ಸೆಕೆಂಡಿಗೆ 1.8 ಕಿಲೋಮೀಟರ್. ನಮ್ಮ ಚರ್ಚ್‌ಗೇಟ್–ವಿರಾರ್ ಮಾರ್ಗದ ಅರವತ್ತು ಕಿಲೋಮೀಟರ್ ಅರ್ಧ ನಿಮಿಷಕ್ಕಿಂತ ತುಸು ಹೆಚ್ಚಿನಲ್ಲಿ ಮುಗಿಯುತ್ತದೆ. ಇಲ್ಲಿಂದ ಬೆಂಗಳೂರಿಗೆ ಎಂಟು ನಿಮಿಷ. ಶಬ್ದದ ವೇಗದ ಐದು ಪಟ್ಟಿನಿಂದ ಮೇಲಿನದನ್ನು ಹೈಪರ್‌ಸಾನಿಕ್ ಎನ್ನುವುದು ರೂಢಿ. ಐದು ಎಂಬ ಗೆರೆಯನ್ನು ಪ್ರಕೃತಿ ಎಳೆದಿಲ್ಲ. ಆದರೆ ಅದರ ಆಸುಪಾಸಿನಲ್ಲಿ ಗಾಳಿಯ ಸ್ವಭಾವ ಬದಲಾಗತೊಡಗುತ್ತದೆ.

ಹೇಗೆ ಬದಲಾಗುತ್ತದೆ? ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟ ಲಾಂಚಿನ ಮೂತಿಯಿಂದ ಎರಡೂ ಬದಿಗೆ ಓರೆಯಾಗಿ ಅಲೆಯ ಗೆರೆಗಳು ಹರಡುವುದನ್ನು ನೀವೆಲ್ಲ ನೋಡಿದ್ದೀರಿ. ದೋಣಿ ಬಹಳ ವೇಗ ಪಡೆದಾಗ ಆ ಗೆರೆಗಳು ದೋಣಿಯ ಪಕ್ಕಕ್ಕೆ ಒತ್ತಿಕೊಳ್ಳುತ್ತವೆ. ಶಬ್ದವನ್ನು ಮೀರಿದ ವಿಮಾನದ ಮುಂದೆ ಗಾಳಿಯಲ್ಲೂ ಹೀಗೇ ಆಘಾತ ತರಂಗ ಏಳುತ್ತದೆ. ಆ ತರಂಗದ ದಪ್ಪ ಕೂದಲೆಳೆಗಿಂತ ಎಷ್ಟೋ ಕಡಿಮೆ. ಅದನ್ನು ದಾಟಿದ ಗಾಳಿಯ ಒತ್ತಡ, ಸಾಂದ್ರತೆ, ಉಷ್ಣ ಮೂರೂ ಒಮ್ಮೆಲೇ ಜಿಗಿಯುತ್ತವೆ. ಆರು ಪಟ್ಟು ವೇಗದಲ್ಲಿ ಈ ತರಂಗ ವಿಮಾನದ ಮೈಗೆ ಹೆಚ್ಚುಕಡಿಮೆ ಅಂಟಿಕೊಂಡೇ ಬರುತ್ತದೆ. ಮೂತಿಯ ತುದಿಗೆ ಬಡಿದು ನಿಂತ ಗಾಳಿಯ ಉಷ್ಣ 1,500 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ. ಅದು ಉಕ್ಕು ಕರಗುವ ಬಿಸಿ. ಹೊರಗೆ ಸುತ್ತಲಿನ ಗಾಳಿ ಶೂನ್ಯಕ್ಕಿಂತ ನಲವತ್ತೈದು ಡಿಗ್ರಿ ಕೆಳಗೆ ಇದ್ದಾಗಲೇ ಇದು ನಡೆಯುತ್ತದೆ. ಹೀಗಾಗಿ ಹೈಪರ್‌ಸಾನಿಕ್ ವಿಮಾನ ಕಟ್ಟುವವನಿಗೆ ಮೇಲೆತ್ತುವ ಬಲಕ್ಕಿಂತ ಬಿಸಿಯ ಚಿಂತೆಯೇ ದೊಡ್ಡದು.

ಎಂಜಿನ್ನಿನ ಪಾಡು ಇನ್ನೂ ಕಠಿಣ. ರಾಕೆಟ್ಟು ತನ್ನ ಇಂಧನ ಉರಿಯಲು ಬೇಕಾದ ಆಮ್ಲಜನಕವನ್ನೂ ತಾನೇ ಹೊತ್ತೊಯ್ಯುತ್ತದೆ. ಅದರೊಳಗಿನ ಭಾರದ ಬಹುಪಾಲು ಅದೇ. ಗಾಳಿಯಿಂದಲೇ ಆಮ್ಲಜನಕ ಹೀರಿಕೊಂಡರೆ ಆ ಹೊರೆ ತಪ್ಪುತ್ತದೆ. ರಾಮ್‌ಜೆಟ್ ಮಾಡುವುದು ಅದನ್ನೇ. ಒಳನುಗ್ಗುವ ಗಾಳಿಯನ್ನು ಶಬ್ದಕ್ಕಿಂತ ಕಡಿಮೆ ವೇಗಕ್ಕೆ ಇಳಿಸಿ, ಇಂಧನ ಬೆರೆಸಿ ಉರಿಸುತ್ತದೆ. ಶಬ್ದದ ಮೂರು ಪಟ್ಟಿನ ಹತ್ತಿರ ಹಾರುವ ಬ್ರಹ್ಮೋಸ್ ಕ್ಷಿಪಣಿಯಲ್ಲಿರುವುದು ರಾಮ್‌ಜೆಟ್. ಆ ಕ್ಷಿಪಣಿಯ ಲೋಹದ ಒಡಲು ತಯಾರಾಗುವ ಸ್ಥಳಗಳಲ್ಲಿ ನಮ್ಮ ವಿಖ್ರೋಳಿಯ ಗೋದ್ರೆಜ್ ಕಾರ್ಖಾನೆಯೂ ಒಂದು ಎಂಬುದನ್ನು ಇಲ್ಲಿ ನೆನೆಯಬೇಕು. ಆದರೆ ಐದು ಪಟ್ಟು ದಾಟಿದ ಮೇಲೆ ಗಾಳಿಯನ್ನು ಅಷ್ಟು ನಿಧಾನಗೊಳಿಸಿದರೆ ಅದು ವಿಪರೀತ ಕಾದುಹೋಗಿ ಇಂಧನ ಉರಿಸಿಯೂ ಲಾಭವಿಲ್ಲದಂತಾಗುತ್ತದೆ. ಆಗ ಉಳಿಯುವ ದಾರಿ ಸ್ಕ್ರಾಮ್‌ಜೆಟ್. ಅದರಲ್ಲಿ ಗಾಳಿ ಎಂಜಿನ್ನಿನ ಒಳಗೂ ಶಬ್ದವನ್ನು ಮೀರಿದ ವೇಗದಲ್ಲೇ ಹರಿಯುತ್ತದೆ. ಒಂದು ಮೀಟರ್ ಉದ್ದದ ದಹನಕೋಷ್ಠವನ್ನು ಗಾಳಿ ಸುಮಾರು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ದಾಟಿಬಿಡುತ್ತದೆ. ಇಂಧನ ಸಿಂಪಡಣೆಯಾಗಬೇಕು, ಗಾಳಿಯೊಡನೆ ಬೆರೆಯಬೇಕು, ಹೊತ್ತಿಕೊಳ್ಳಬೇಕು, ಉರಿದು ಮುಗಿಯಬೇಕು. ಎಲ್ಲವೂ ಅಷ್ಟರೊಳಗೆ! ಜತೆಗೆ, ನಿಂತಲ್ಲಿಂದ ಈ ಎಂಜಿನ್ ಹೊರಡಲಾರದು. ಅದನ್ನು ರಾಕೆಟ್ಟೊಂದು ಮೊದಲು ಆ ವೇಗಕ್ಕೆ ಒಯ್ಯಬೇಕು.

ಇದನ್ನೆಲ್ಲ ನೆಲದ ಮೇಲೆ ಪರೀಕ್ಷಿಸಿ ನೋಡಲಾಗದೇ ಎಂದು ನೀವು ಕೇಳಬಹುದು. ನೋಡುತ್ತಾರೆ, ಮತ್ತು ಈ ಕೆಲಸದಲ್ಲಿ ಕರ್ನಾಟಕದ ಪಾಲು ಬಹಳ ದೊಡ್ಡದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರ ದಶಕದಿಂದಲೂ ಹೈಪರ್‌ಸಾನಿಕ್ ಶಾಕ್ ಟನಲ್‌ಗಳಿವೆ. ಉದ್ದನೆಯ ಉಕ್ಕಿನ ಕೊಳವೆ. ನಡುವೆ ಲೋಹದ ತೆಳು ತಗಡು. ಒಂದು ಬದಿಯಲ್ಲಿ ಹೀಲಿಯಂ ಅನಿಲವನ್ನು ಒತ್ತಡ ಏರಿಸುತ್ತ ತುಂಬುತ್ತಾರೆ. ತಗಡು ಸಿಡಿದಾಗ ಆಘಾತ ತರಂಗವೊಂದು ಕೊಳವೆಯುದ್ದಕ್ಕೂ ನುಗ್ಗಿ ಆಚೆ ಬದಿಯ ಗಾಳಿಯನ್ನು ಕಾಯಿಸಿ ಒತ್ತುತ್ತದೆ, ಆ ಗಾಳಿ ನಳಿಕೆಯಿಂದ ಹೊರಚಿಮ್ಮಿ ಪುಟ್ಟ ಮಾದರಿಯೊಂದರ ಮೇಲೆ ಹೈಪರ್‌ಸಾನಿಕ್ ವೇಗದಲ್ಲಿ ಹಾಯುತ್ತದೆ. ಪ್ರಯೋಗ ಬಾಳುವುದು ಸುಮಾರು ಒಂದು ಮಿಲಿಸೆಕೆಂಡ್. ಅಷ್ಟರಲ್ಲಿ ಮಾದರಿಯ ಮೈಮೇಲಿನ ಸಂವೇದಕಗಳು ಬಿಸಿಯನ್ನೂ ಬಲವನ್ನೂ ಅಳೆದಾಗಿರಬೇಕು. ಕೆ.ಪಿ.ಜೆ. ರೆಡ್ಡಿ, ಜಿ. ಜಗದೀಶ್ ಮುಂತಾದವರು ಅಲ್ಲಿ ಈ ವಿದ್ಯೆಯನ್ನು ಎಷ್ಟು ಹದಗೊಳಿಸಿದರೆಂದರೆ, ಅದೇ ಆಘಾತ ತರಂಗವನ್ನು ಸೂಜಿಯಿಲ್ಲದೆ ಲಸಿಕೆ ಕೊಡುವ, ಬಿದಿರಿನೊಳಗೆ ಸಂರಕ್ಷಕ ದ್ರವ ಇಳಿಸುವ ಪ್ರಯೋಗಗಳಿಗೂ ಹಚ್ಚಿದರು. ಇಲ್ಲೇ ಪೊವಾಯಿಯ ಐಐಟಿಯ ಏರೋಸ್ಪೇಸ್ ವಿಭಾಗದಲ್ಲೂ ಶಾಕ್ ಟನಲ್ ಇದೆ. ಹೆಚ್ಚು ಹೊತ್ತು ಗಾಳಿ ಹಾಯಿಸಬಲ್ಲ ದೊಡ್ಡ ಸುರಂಗಗಳೂ ಬಂದಿವೆ: ತಿರುವನಂತಪುರದ ಇಸ್ರೊ ಕೇಂದ್ರದಲ್ಲಿ 2017ರಲ್ಲಿ, ಹೈದರಾಬಾದಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒದಲ್ಲಿ 2020ರ ಡಿಸೆಂಬರಿನಲ್ಲಿ. ತಿರುವನಂತಪುರದ ಸುರಂಗ ಸಂಕೀರ್ಣಕ್ಕೆ ಸತೀಶ್ ಧವನ್ ಅವರ ಹೆಸರಿಟ್ಟಿರುವುದು ಬಹಳ ಸರಿಯಾದ ಕೆಲಸ. ಬೆಂಗಳೂರಿನಲ್ಲಿ ನಮ್ಮ ದೇಶದ ಮೊದಲ ಸೂಪರ್‌ಸಾನಿಕ್ ಸುರಂಗ ಕಟ್ಟಿದವರು ಅವರೇ.

ಇಷ್ಟಿದ್ದರೂ ಆಕಾಶವೇ ಬೇಕು. ಸುರಂಗದಲ್ಲಿ ವೇಗ ಸರಿಹೋದರೆ ಬಿಸಿ ಸರಿಹೋಗದು, ಬಿಸಿ ಸರಿಹೋದರೆ ಅವಧಿ ಸಾಲದು, ಅವಧಿ ಸಿಕ್ಕರೆ ಮಾದರಿ ಚಿಕ್ಕದಾಗಿಬಿಡುತ್ತದೆ. ಮೈಮೇಲೆ ನಯವಾಗಿ ಹರಿಯುವ ಗಾಳಿಪದರ ಎಲ್ಲಿ ಕದಡಿಹೋಗುತ್ತದೆ ಎಂಬುದೊಂದು ಪ್ರಶ್ನೆ ಸಾಕು. ಕದಡಿದ ಕಡೆ ಬಿಸಿ ಹಲವು ಪಟ್ಟು ಏರುತ್ತದೆ, ಆ ಜಾಗವನ್ನು ಸುರಂಗವಾಗಲಿ ಕಂಪ್ಯೂಟರ್ ಆಗಲಿ ನಿಖರವಾಗಿ ತೋರಿಸಿಕೊಡುವುದಿಲ್ಲ. ಅದಕ್ಕೇ ಪರೀಕ್ಷಾ ವಿಮಾನಗಳು.

ಮೊದಮೊದಲು ಇವುಗಳಲ್ಲಿ ಮನುಷ್ಯರು ಕೂತಿದ್ದರು. ಅಮೆರಿಕದ ಎಕ್ಸ್-15 ರಾಕೆಟ್ ವಿಮಾನ 1959ರಿಂದ 1968ರವರೆಗೆ 199 ಬಾರಿ ಹಾರಿತು. 1967ರ ಅಕ್ಟೋಬರ್ 3ರಂದು ಪೀಟ್ ನೈಟ್ ಅದನ್ನು ಶಬ್ದದ 6.7 ಪಟ್ಟಿಗೆ ಒಯ್ದರು. ಆ ದಿನ ವಿಮಾನದ ಹೊಟ್ಟೆಗೆ ರಾಮ್‌ಜೆಟ್ಟಿನ ಡಮ್ಮಿಯೊಂದನ್ನು ಸಿಕ್ಕಿಸಿದ್ದರು. ಅದರಿಂದ ಎದ್ದ ಆಘಾತ ತರಂಗ ವಿಮಾನದ ಕೆಳಗಿನ ರೆಕ್ಕೆಗೆ ತಾಗಿದ ಕಡೆ ಲೋಹ ತೂತು ಬಿತ್ತು. ವಿಮಾನ ಇಳಿಯಿತು, ಆದರೆ ಅದು ಮತ್ತೆಂದೂ ಹಾರಲಿಲ್ಲ. ಆರೇ ವಾರ ಕಳೆದು, ನವೆಂಬರ್ 15ರಂದು, ಇನ್ನೊಂದು ಎಕ್ಸ್-15 ಗಾಳಿಯಲ್ಲೇ ಒಡೆದು ಅದರ ಚಾಲಕ ಮೈಕಲ್ ಆಡಮ್ಸ್ ತೀರಿಕೊಂಡರು. ನನಗೆ ಈ ಎರಡು ಘಟನೆಗಳನ್ನು ಒಟ್ಟಿಗೆ ಓದಿದಾಗ ಸ್ಪಷ್ಟವಾಗುವುದು ಇದು: ಅರಿಯದ ಗಾಳಿಗೆ ಮನುಷ್ಯನನ್ನು ಕಳಿಸುವ ಹಕ್ಕು ನಮಗಿಲ್ಲ, ಕಳಿಸಬೇಕಾದ್ದು ಅಳತೆಯ ಸಾಧನಗಳನ್ನು. ಮುಂದಿನ ಪೀಳಿಗೆಯ ವಿಮಾನಗಳು ಖಾಲಿಯಾಗಿ ಹಾರಿದವು.

ಸೋವಿಯತ್ ಒಕ್ಕೂಟ ಬೋರ್-4 ಎಂಬ ಪುಟ್ಟ, ಮಾನವರಹಿತ ರೆಕ್ಕೆವಾಹನವನ್ನು ಕಕ್ಷೆಗೆ ಕಳಿಸಿ ನಮ್ಮ ಹಿಂದೂ ಮಹಾಸಾಗರದಲ್ಲೇ ಇಳಿಸಿಕೊಂಡಿತು, 1982ರಲ್ಲಿ ಮತ್ತು 1983ರಲ್ಲಿ. ಅದನ್ನು ಹಡಗಿಗೆ ಎತ್ತಿಕೊಳ್ಳುವಾಗ ಆಸ್ಟ್ರೇಲಿಯದ ಗಸ್ತು ವಿಮಾನವೊಂದು ಚಿತ್ರ ತೆಗೆಯಿತು. ಆ ಚಿತ್ರಗಳನ್ನು ನೋಡಿ ನಾಸಾದವರು ಅದರ ಆಕಾರವನ್ನು ಅಭ್ಯಾಸ ಮಾಡಿದರು. ನಾಸಾದ್ದೇ ಎಕ್ಸ್-43ಎ ಬಂದದ್ದು ಆಮೇಲೆ. ಉದ್ದ ನಾಲ್ಕು ಮೀಟರಿಗಿಂತ ಕಡಿಮೆ. ಬಿ-52 ವಿಮಾನದ ರೆಕ್ಕೆಯ ಕೆಳಗೆ ತೂಗಿಕೊಂಡು ಹೋಗಿ, ರಾಕೆಟ್ಟಿನ ಮೂತಿಯಲ್ಲಿ ವೇಗ ಪಡೆದು, ಹತ್ತು ಸೆಕೆಂಡಿನಷ್ಟು ಹೊತ್ತು ಸ್ಕ್ರಾಮ್‌ಜೆಟ್ ಉರಿಸಿ, ಕೊನೆಗೆ ಪೆಸಿಫಿಕ್ ಸಾಗರಕ್ಕೆ ಬೀಳುವುದು ಅದರ ಇಡೀ ಜೀವಿತ. 2004ರ ಮಾರ್ಚ್ 27ರಂದು ಅದು ಶಬ್ದದ ಸುಮಾರು ಏಳು ಪಟ್ಟು, ನವೆಂಬರ್ 16ರಂದು ಒಂಬತ್ತೂವರೆ ಪಟ್ಟಿಗೂ ಹೆಚ್ಚು ವೇಗ ಮುಟ್ಟಿತು. ಅದಕ್ಕೂ ಮೊದಲೇ, 2002ರ ಜುಲೈ 30ರಂದು, ಆಸ್ಟ್ರೇಲಿಯದ ವೂಮೆರಾದಲ್ಲಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಹೈಶಾಟ್ ಎಂಬ ಪ್ರಯೋಗದಲ್ಲಿ ಆಕಾಶದಲ್ಲಿ ಸ್ಕ್ರಾಮ್‌ಜೆಟ್ ದಹನವನ್ನು ತೋರಿಸಿದ್ದರು. ವಿಶ್ವವಿದ್ಯಾಲಯವೊಂದು ಇದನ್ನು ಮಾಡಿತು ಎಂಬುದು ನನಗೆ ಇಂದಿಗೂ ಹುಮ್ಮಸ್ಸು ಕೊಡುವ ಸಂಗತಿ.

ನಾನು ಇಂದು ಮುಖ್ಯವಾಗಿ ಹೇಳಬೇಕಾದದ್ದು ಗೆಲುವುಗಳ ಬಗ್ಗೆ ಅಲ್ಲ. ಎಕ್ಸ್-43ಎಯ ಮೊದಲ ಹಾರಾಟ 2001ರ ಜೂನ್ 2ರಂದು ನಡೆದಿತ್ತು. ಸ್ಕ್ರಾಮ್‌ಜೆಟ್ಟಿಗೆ ಪಾಳಿ ಬರುವ ಮೊದಲೇ ಹೊತ್ತೊಯ್ಯುತ್ತಿದ್ದ ರಾಕೆಟ್ಟು ಹತೋಟಿ ತಪ್ಪಿ, ಅದನ್ನು ನಾಶಮಾಡಬೇಕಾಯಿತು. ನಾಸಾ ತನಿಖೆ ನಡೆಸಿ ವರದಿಯನ್ನು ಪ್ರಕಟಿಸಿತು. ರಾಕೆಟ್ಟಿನ ಮೇಲೆ ಗಾಳಿ ಬೀರುವ ಬಲ, ರೆಕ್ಕೆ ತಿರುಗಿಸುವ ಯಂತ್ರದ ಶಕ್ತಿ, ಭಾರದ ಹಂಚಿಕೆ ಇವುಗಳ ಲೆಕ್ಕದ ಮಾದರಿಗಳು ನಿಜಕ್ಕೆ ಹೊಂದಿರಲಿಲ್ಲ ಎಂದು ಅದರಲ್ಲಿ ಒಪ್ಪಿಕೊಂಡಿತು. ಮುಂದಿನ ಹಾರಾಟಕ್ಕೆ ಸುಮಾರು ಮೂರು ವರ್ಷ ಹಿಡಿಯಿತು. ಅಮೆರಿಕದ ಇನ್ನೊಂದು ಸ್ಕ್ರಾಮ್‌ಜೆಟ್ ವಾಹನ ಎಕ್ಸ್-51ಎ ನಾಲ್ಕು ಸಲ ಹಾರಿತು. 2011ರಲ್ಲಿ ಎಂಜಿನ್ನಿನ ಬಾಯಿಯ ಆಘಾತ ತರಂಗ ಹೊರದಬ್ಬಿಕೊಂಡು ಗಾಳಿಯ ಹರಿವು ಕೆಟ್ಟಿತು. 2012ರಲ್ಲಿ ಹತೋಟಿಯ ರೆಕ್ಕೆಯೊಂದು ಕೈಕೊಟ್ಟು ಎಂಜಿನ್ ಹೊತ್ತಲೇ ಇಲ್ಲ. 2013ರ ಮೇ 1ರಂದು ಕೊನೆಯ ವಾಹನದಲ್ಲಿ ಸ್ಕ್ರಾಮ್‌ಜೆಟ್ 210 ಸೆಕೆಂಡ್ ಉರಿಯಿತು. ಅಮೆರಿಕದ್ದೇ ಆದ, ಶಬ್ದದ ಇಪ್ಪತ್ತು ಪಟ್ಟು ವೇಗದ ಎಚ್‌ಟಿವಿ-2 ಎರಡು ಬಾರಿ ಹಾರಿ ಎರಡು ಬಾರಿಯೂ ಒಂಬತ್ತು ನಿಮಿಷದ ಆಸುಪಾಸಿನಲ್ಲಿ ಸಂಪರ್ಕ ಕಳೆದುಕೊಂಡಿತು. ಎರಡನೆಯ ಸಲ ಹೊರಚರ್ಮ ನಿರೀಕ್ಷೆ ಮೀರಿ ಕಿತ್ತುಬಂದಿತ್ತು ಎಂದು ತಜ್ಞರ ಸಮಿತಿ ಕಂಡುಕೊಂಡಿತು. ಈ ವಾಹನಗಳಲ್ಲಿ ಬಹುತೇಕ ಎಲ್ಲವೂ ಸಮುದ್ರದ ಪಾಲಾದವು. ಉಳಿದದ್ದು ಅವು ಬಿದ್ದುಹೋಗುವ ಮೊದಲು ರೇಡಿಯೋ ಮೂಲಕ ಕಳಿಸಿದ ಅಂಕಿಗಳು. ಆ ಅಂಕಿಗಳಿಗಾಗಿಯೇ ಇಡೀ ವಿಮಾನವನ್ನು ಕಟ್ಟಿದ್ದು. ಯಂತ್ರ ಸೋತರೂ ಅಂಕಿ ಬಂದರೆ ಪ್ರಯೋಗ ನಡೆದಂತೆ. ಯಂತ್ರ ಹಾರಿಯೂ ಅಂಕಿ ಬಾರದಿದ್ದರೆ ನಮಗೇನೂ ತಿಳಿದಂತಾಗಲಿಲ್ಲ.

ಈ ಮಾತನ್ನು ಮುಂಬಯಿಯಲ್ಲಿ ನಿಂತು ಹೇಳುವುದಕ್ಕೆ ವಿಶೇಷ ಕಾರಣವಿದೆ. ಮಾನವರಹಿತ ವಿಮಾನವೊಂದು ಜಗತ್ತಿನಲ್ಲಿ ಮೊದಲು ಹಾರಿದ್ದು 1895ರಲ್ಲಿ, ನಮ್ಮ ಚೌಪಾಟಿಯ ಕಡಲ ದಂಡೆಯಲ್ಲಿ ಎಂಬ ಕಥೆ ಇದೆ. ಹಾರಿಸಿದವರು ಶಿವಕರ್ ಬಾಪೂಜಿ ತಳಪದೆ. ವಿಮಾನದ ಹೆಸರು ಮರುತ್ಸಖಾ. 2015ರ ಜನವರಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ 102ನೆಯ ಅಧಿವೇಶನ ನಡೆದಾಗ ಪ್ರಾಚೀನ ವಿಮಾನಗಳ ಬಗ್ಗೆ ಪ್ರಬಂಧ ಮಂಡನೆಯಾಗಿ ದೊಡ್ಡ ಚರ್ಚೆ ಎದ್ದಿತು; ಅದೇ ತಿಂಗಳು ತಳಪದೆಯವರ ಕಥೆಯ ಹಿಂದಿ ಚಲನಚಿತ್ರವೂ ಬಂತು. ತಳಪದೆ ಇದ್ದದ್ದು ನಿಜ. ಕುತೂಹಲಿ, ಕೈಕಸುಬು ಬಲ್ಲವರು, ಜೆ.ಜೆ. ಕಲಾಶಾಲೆಯ ನಂಟಿದ್ದವರು. ಅವರ ಹಂಬಲದ ಬಗ್ಗೆ ನನಗೆ ಪೂರ್ಣ ಗೌರವವಿದೆ. ಆದರೆ ಆ ಹಾರಾಟವನ್ನು ಅಳೆದವರಿಲ್ಲ. ಯಂತ್ರದ ನಕ್ಷೆ ಇಲ್ಲ, ಭಾರದ ಲೆಕ್ಕ ಇಲ್ಲ, ಇತಿಹಾಸಕಾರರು ಒಪ್ಪುವಂಥ ಸಮಕಾಲೀನ ದಾಖಲೆ ಇಲ್ಲ.

ಕಥೆಯ ಇನ್ನೊಂದು ಎಳೆ ಕರ್ನಾಟಕದ್ದು. ಪ್ರಾಚೀನವೆಂದು ಹೇಳಿಕೊಳ್ಳುವ ವೈಮಾನಿಕ ಶಾಸ್ತ್ರ ಎಂಬ ಗ್ರಂಥವನ್ನು ಬಾಯಲ್ಲಿ ಹೇಳಿ ಬರೆಸಿದವರು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು. ಮೈಸೂರಿನ ಜಿ.ಆರ್. ಜೋಸ್ಯರ್ ಅದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಅದನ್ನು ಪರಿಶೀಲನೆಗೆ ಎತ್ತಿಕೊಂಡರು: ಎಚ್.ಎಸ್. ಮುಕುಂದ, ಎಸ್.ಎಂ. ದೇಶಪಾಂಡೆ, ಎಚ್.ಆರ್. ನಾಗೇಂದ್ರ, ಎ. ಪ್ರಭು, ಎಸ್.ಪಿ. ಗೋವಿಂದರಾಜು. ಅವರು ಗೇಲಿ ಮಾಡಲಿಲ್ಲ. ಶ್ಲೋಕಗಳ ಭಾಷೆ ನೋಡಿದರು, ಶಾಸ್ತ್ರಿಗಳ ಹತ್ತಿರದವರನ್ನು ಹುಡುಕಿ ವಿಚಾರಿಸಿದರು, ಗ್ರಂಥದಲ್ಲಿ ಬರುವ ವಿಮಾನಗಳ ಆಕಾರ, ಭಾರ, ಬೇಕಾಗುವ ಶಕ್ತಿಯ ಲೆಕ್ಕ ಹಾಕಿದರು. ಗ್ರಂಥ ಇಪ್ಪತ್ತನೆಯ ಶತಮಾನದ್ದು, ಅದರ ಯಾವ ವಿಮಾನಕ್ಕೂ ಹಾರುವ ಗುಣವಿಲ್ಲ ಎಂಬ ತೀರ್ಮಾನಕ್ಕೆ ಬಂದರು. ತಳಪದೆಯವರು ಶಾಸ್ತ್ರಿಗಳ ಮಾರ್ಗದರ್ಶನದಲ್ಲಿ ಕಟ್ಟಿದ ಮಾದರಿಗಳು ಹಾರಲಿಲ್ಲ ಎಂಬುದೂ ಅವರ ವಿಚಾರಣೆಯಲ್ಲಿ ತಿಳಿದುಬಂತು. ಆ ಐವರು ಪರಂಪರೆಯ ವೈರಿಗಳಾಗಿರಲಿಲ್ಲ. ನಾಗೇಂದ್ರ ಅವರು ಮುಂದೆ ಬೆಂಗಳೂರಿನ ಬಳಿ ಯೋಗ ವಿಶ್ವವಿದ್ಯಾಲಯವನ್ನೇ ಕಟ್ಟಿದರು. ಮುಕುಂದ ಅವರು ಶಬ್ದಾತೀತ ವೇಗದ ಗಾಳಿಯಲ್ಲಿ ಹೈಡ್ರೋಜನ್ ಹೇಗೆ ಬೆರೆತು ಉರಿಯುತ್ತದೆ ಎಂಬುದನ್ನು ಅಧ್ಯಯನ ಮಾಡಿದರು, ದೇಶಪಾಂಡೆಯವರು ಅತಿವೇಗದ ಹರಿವುಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕುವ ವಿಧಾನಗಳನ್ನು ಬೆಳೆಸಿದರು. ಹಾರದ ವಿಮಾನವನ್ನು ಪ್ರಾಮಾಣಿಕವಾಗಿ ಲೆಕ್ಕಕ್ಕೆ ಹಚ್ಚಿದ ಮನಸ್ಸುಗಳೇ ಹಾರಬಲ್ಲ ಹೈಪರ್‌ಸಾನಿಕ್ ವಾಹನಗಳ ವಿದ್ಯೆಗೂ ದುಡಿದವು. ನಮ್ಮ ಹೆಮ್ಮೆಗೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಈಗ ನಮ್ಮ ದೇಶ ನಿಜವಾಗಿ ಹಾರಿಸಿದ ವಾಹನಗಳಿಗೆ ಬರುತ್ತೇನೆ.

2016ರ ಮೇ 23ರ ಬೆಳಿಗ್ಗೆ ಏಳು ಗಂಟೆಗೆ ಶ್ರೀಹರಿಕೋಟಾದಿಂದ ರಾಕೆಟ್ಟೊಂದು ಎದ್ದಿತು. ಅದರ ತುದಿಯಲ್ಲಿ ಆರೂವರೆ ಮೀಟರ್ ಉದ್ದದ, 1.75 ಟನ್ ತೂಕದ, ಮೋಟು ತ್ರಿಕೋನ ರೆಕ್ಕೆಗಳ ವಾಹನವೊಂದಿತ್ತು. ಮರುಬಳಕೆಯ ಉಡಾವಣಾ ವಾಹನಕ್ಕಾಗಿ ಇಸ್ರೊ ಕಟ್ಟಿದ ಪರೀಕ್ಷಾ ವಿಮಾನ ಅದು. ಘನ ಇಂಧನದ ರಾಕೆಟ್ಟು 91 ಸೆಕೆಂಡ್ ಉರಿದು ಅದನ್ನು 56 ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ಇನ್ನೂ ಮೇಲೇರಿ 65 ಕಿಲೋಮೀಟರ್ ಮುಟ್ಟಿ, ಶಬ್ದದ ಐದು ಪಟ್ಟು ವೇಗದಲ್ಲಿ ವಾತಾವರಣಕ್ಕೆ ಮರಳಿತು. ಬಿಸಿ ತಡೆಯುವ ಬಿಲ್ಲೆಗಳು ಅದರ ಮೈಯನ್ನು ಕಾಪಾಡಿದವು, ಒಳಗಿನ ಕಂಪ್ಯೂಟರ್ ದಾರಿ ಹಿಡಿಸಿತು. ಹೊರಟು 770 ಸೆಕೆಂಡಿಗೆ, ಶ್ರೀಹರಿಕೋಟಾದಿಂದ 450 ಕಿಲೋಮೀಟರ್ ದೂರದ ಬಂಗಾಳ ಕೊಲ್ಲಿಯಲ್ಲಿ ಅದರ ಪಯಣ ಮುಗಿಯಿತು. ಆಗ ಇಸ್ರೊ ಅಧ್ಯಕ್ಷರಾಗಿದ್ದವರು ಹಾಸನ ಜಿಲ್ಲೆಯ ಎ.ಎಸ್. ಕಿರಣ್ ಕುಮಾರ್. ಅದೇ ವರ್ಷದ ಆಗಸ್ಟ್ 28ರಂದು ಇನ್ನೊಂದು ರಾಕೆಟ್ಟಿಗೆ ಪಕ್ಕದಲ್ಲಿ ಕಟ್ಟಿದ ಹೈಡ್ರೋಜನ್ ಸ್ಕ್ರಾಮ್‌ಜೆಟ್ ಎಂಜಿನ್ನುಗಳನ್ನು ಶಬ್ದದ ಆರು ಪಟ್ಟು ವೇಗದಲ್ಲಿ ಐದು ಸೆಕೆಂಡ್ ಉರಿಸಿ ನೋಡಿದರು. ಐದೇ ಸೆಕೆಂಡ್. ದಹನಕೋಷ್ಠದಲ್ಲಿ ಗಾಳಿ ನಿಲ್ಲುವುದು ಒಂದು ಮಿಲಿಸೆಕೆಂಡ್ ಎಂದು ಆಗಲೇ ಹೇಳಿದೆ. ಆ ಅಳತೆಯಲ್ಲಿ ಐದು ಸೆಕೆಂಡಿನ ಉರಿ ಬಲು ದೀರ್ಘವಾದದ್ದು.

ಈ ರೆಕ್ಕೆವಾಹನ ಯೋಜನೆಯ ಉಳಿದರ್ಧ ಕಥೆ ಚಳ್ಳಕೆರೆಯಲ್ಲಿ ನಡೆಯಿತು. ಎಣ್ಣೆ ಗಿರಣಿಗಳ ದೆಸೆಯಿಂದ ‘ಎರಡನೇ ಬಾಂಬೆ’ ಎಂದು ಹೆಸರಾದ ಊರು ಅದು, ಚಿತ್ರದುರ್ಗ ಜಿಲ್ಲೆಯದು. ಅಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವಿದೆ. ಹೈಪರ್‌ಸಾನಿಕ್ ವೇಗಕ್ಕೆ ಒಗ್ಗುವ ಮೈ ನಿಧಾನದ ಹಾರಾಟಕ್ಕೆ ಒಗ್ಗುವುದಿಲ್ಲ. ಮೂತಿ ಮೊಂಡಾಗಿರಬೇಕು, ಬಿಸಿ ಹಂಚಿಹೋಗಲು. ರೆಕ್ಕೆ ಗಿಡ್ಡವಾಗಿರಬೇಕು, ಮುರಿಯದಿರಲು. ಅಂಥ ವಾಹನ ಕೆಳಗಿಳಿಯುವಾಗ ಬಹಳ ಕಡಿದಾಗಿ, ಬಹಳ ವೇಗವಾಗಿ ಬರುತ್ತದೆ. ಎಂಜಿನ್ ಇಲ್ಲವಾದ್ದರಿಂದ ಎರಡನೇ ಪ್ರಯತ್ನಕ್ಕೆ ಅವಕಾಶವೇ ಇಲ್ಲ. ಮರಳಿ ಬಂದು ರನ್‌ವೇ ಮೇಲೆ ನಿಲ್ಲುವುದನ್ನು ಕಲಿಯದಿದ್ದರೆ ಪ್ರತಿಯೊಂದು ವಾಹನವನ್ನೂ ಕಡಲಿಗೆ ಕೊಡುತ್ತ ಹೋಗಬೇಕು.

2023ರ ಏಪ್ರಿಲ್ 2ರ ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇದೇ ಬಗೆಯ ಇನ್ನೊಂದು ವಾಹನವನ್ನು ತೂಗುಹಾಕಿಕೊಂಡು ಮೇಲೆದ್ದು, ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಿತು. 7 ಗಂಟೆ 40 ನಿಮಿಷಕ್ಕೆ ವಾಹನ ತಾನೇ ದಾರಿ ನೋಡಿಕೊಂಡು ಬಂದು ರನ್‌ವೇ ಮೇಲೆ ನಿಂತಿತ್ತು. ರೆಕ್ಕೆಯ ವಾಹನವೊಂದನ್ನು ಹೆಲಿಕಾಪ್ಟರಿನಿಂದ ಹೀಗೆ ಬಿಟ್ಟು ಸ್ವಯಂಚಾಲಿತವಾಗಿ ಇಳಿಸಿದ್ದು ಜಗತ್ತಿನಲ್ಲಿ ಅದೇ ಮೊದಲು ಎಂದು ಇಸ್ರೊ ಹೇಳಿತು. 2024ರ ಮಾರ್ಚ್ 22ರಂದು ಬೇಕೆಂದೇ ಅದನ್ನು ರನ್‌ವೇ ನೇರದಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟರು. ಜೂನ್ 23ರಂದು 500 ಮೀಟರ್ ಪಕ್ಕಕ್ಕೆ, ಗಾಳಿ ಜೋರಾಗಿದ್ದಾಗ. ಆ ಮೂರನೆಯ ಇಳಿಕೆಯ ವೇಗ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು. ನಾವು ಕೂರುವ ಪ್ರಯಾಣಿಕ ವಿಮಾನ ಇಳಿಯುವುದು 260ರ ಆಸುಪಾಸಿನಲ್ಲಿ. ಹಿಂಬದಿಯ ಪ್ಯಾರಾಶೂಟ್ ಬಿಚ್ಚಿಕೊಂಡು ವೇಗವನ್ನು ನೂರಕ್ಕೆ ತಂದಿತು, ಉಳಿದದ್ದನ್ನು ಚಕ್ರದ ಬ್ರೇಕು ನೋಡಿಕೊಂಡಿತು. ಎರಡನೆಯ ಇಳಿಕೆಗೆ ಬಳಸಿದ ಒಡಲನ್ನೇ ಬದಲಾವಣೆ ಮಾಡದೆ ಮೂರನೆಯದಕ್ಕೂ ಬಳಸಿದ್ದರು. ಮಾಮೂಲಿ ವಿಮಾನದಲ್ಲಿ ಗಾಳಿಯ ವೇಗ ಅಳೆಯಲು ಹೊರಗೆ ಚಾಚಿಕೊಂಡಿರುವ ನಳಿಕೆ ಇರುತ್ತದೆ. ಹೈಪರ್‌ಸಾನಿಕ್ ಬಿಸಿಯಲ್ಲಿ ಅದು ಉಳಿಯದು. ಅದಕ್ಕಾಗಿ ಮೂತಿಯ ಮೈಯಲ್ಲೇ ಒತ್ತಡ ಅರಿಯುವ ರಂಧ್ರಗಳನ್ನಿಟ್ಟು, ಒತ್ತಡಗಳ ವ್ಯತ್ಯಾಸದಿಂದ ವೇಗವನ್ನೂ ಕೋನವನ್ನೂ ಲೆಕ್ಕ ಹಾಕುತ್ತಾರೆ. ಈ ವಿವರ ನನಗೆ ಬಹಳ ಪ್ರಿಯ. ನಾಳೆ ಎದುರಿಸಬೇಕಾದ ಬೆಂಕಿಯನ್ನು ನೆನಪಿನಲ್ಲಿಟ್ಟುಕೊಂಡೇ ಇಂದಿನ ನಿಧಾನದ ಹಾರಾಟವನ್ನು ಅಳೆದಿದ್ದಾರೆ.

ಚಳ್ಳಕೆರೆಯ ಬಗ್ಗೆ ಮಾತನಾಡುವಾಗ ಆ ನೆಲದ ಋಣವನ್ನೂ ಹೇಳಲೇಬೇಕು. ಪರೀಕ್ಷಾ ವಲಯ, ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ, ಇಸ್ರೊ, ನಮ್ಮ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ ಇವಕ್ಕೆಲ್ಲ ಕೊಟ್ಟದ್ದು ಅಮೃತಮಹಲ್ ಕಾವಲಿನ ಸಾವಿರಾರು ಎಕರೆ. ಹೈದರಾಲಿ, ಟಿಪ್ಪುವಿನ ಫಿರಂಗಿಗಳನ್ನು ಎಳೆದ ದನಗಳ ತಳಿಗೆ ಮೀಸಲಾಗಿದ್ದ ಹುಲ್ಲುಗಾವಲುಗಳು ಅವು. ಕುರಿ ಮೇಯಿಸುವವರು, ಕಂಬಳಿ ನೇಯುವವರು ಅದನ್ನು ನಂಬಿ ಬದುಕಿದ್ದರು. ಕೃಷ್ಣಮೃಗಗಳಿಗೂ ಅದು ನೆಲೆ. ಬೇಲಿ ಎದ್ದಾಗ ಹಳ್ಳಿಗಳವರು ಪ್ರತಿಭಟಿಸಿದರು, ವಿವಾದ ಚೆನ್ನೈನ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಪರೀಕ್ಷೆಗೆ ವಿಶಾಲ ಬಯಲು ಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಆ ಬಯಲು ಖಾಲಿಯಾಗಿತ್ತು ಎಂದು ಬರೆಯುವುದು ಸುಳ್ಳು ದಾಖಲೆ. ಒಂದು ರಂಧ್ರದ ಗಾಳಿಯೊತ್ತಡವನ್ನೂ ಬರೆದಿಡುವ ವಿಜ್ಞಾನ, ಕಾವಲಿನಿಂದ ಹೊರಬಿದ್ದ ಕುರಿ ಹಿಂಡುಗಳ ಲೆಕ್ಕವನ್ನೂ ಬರೆದಿಡಬೇಕು.

ರಕ್ಷಣಾ ಇಲಾಖೆಯ ಕಡೆಯ ಕಥೆ ಬೇರೆ. 2019ರ ಜೂನ್ 12ರಂದು ಒಡಿಶಾ ಕರಾವಳಿಯ ಅಬ್ದುಲ್ ಕಲಾಂ ದ್ವೀಪದಿಂದ ಡಿಆರ್‌ಡಿಒದ ಹೈಪರ್‌ಸಾನಿಕ್ ಪರೀಕ್ಷಾ ವಾಹನ ಮೊದಲ ಬಾರಿಗೆ ಹೊರಟಿತು. ವಾಹನ ಹಾರಿತು, ಮಾಹಿತಿ ಸಂಗ್ರಹವಾಗಿದೆ ಎಂದಷ್ಟೇ ಅಧಿಕೃತ ಹೇಳಿಕೆ ತಿಳಿಸಿತು. ಹೊತ್ತೊಯ್ದ ರಾಕೆಟ್ಟು ಬೇಕಾದ ಎತ್ತರಕ್ಕೆ ತಲುಪಿಸಲಿಲ್ಲ ಎಂದು ಪತ್ರಿಕೆಗಳು ಬರೆದವು. ಎರಡನೆಯ ಯತ್ನ 2020ರ ಸೆಪ್ಟೆಂಬರ್ 7ರಂದು, ಬೆಳಿಗ್ಗೆ 11 ಗಂಟೆ 3 ನಿಮಿಷಕ್ಕೆ. ಮೂವತ್ತು ಕಿಲೋಮೀಟರ್ ಎತ್ತರದಲ್ಲಿ ಬಿಸಿಕವಚ ಕಳಚಿತು, ವಾಹನ ಬೇರ್ಪಟ್ಟಿತು, ಗಾಳಿಯ ಬಾಯಿ ತೆರೆಯಿತು, ದ್ರವ ಇಂಧನದ ಸ್ಕ್ರಾಮ್‌ಜೆಟ್ ಇಪ್ಪತ್ತು ಸೆಕೆಂಡಿಗೂ ಹೆಚ್ಚು ಹೊತ್ತು ಉರಿಯಿತು. ಬಂಗಾಳ ಕೊಲ್ಲಿಯಲ್ಲಿ ಹಡಗೊಂದು ನಿಂತು ಅದನ್ನು ಗಮನಿಸುತ್ತಿತ್ತು. ಮುಂದೆ ನೆಲದ ಮೇಲಿನ ಪರೀಕ್ಷೆಗಳಲ್ಲಿ ಜಿಗಿತ ದೊಡ್ಡದು: ತಂಪುಗೊಳಿಸುವ ವ್ಯವಸ್ಥೆಯಿರುವ ದಹನಕೋಷ್ಠ ಹೈದರಾಬಾದಿನಲ್ಲಿ 2025ರ ಜನವರಿಯಲ್ಲಿ 120 ಸೆಕೆಂಡ್, ಏಪ್ರಿಲ್ 25ರಂದು ಸಾವಿರ ಸೆಕೆಂಡಿಗೂ ಮೇಲೆ ನಡೆಯಿತು. ಇಲ್ಲಿ ಇಂಧನ ಉರಿಯುವ ಮೊದಲು ಎಂಜಿನ್ನಿನ ಗೋಡೆಯೊಳಗೆ ಹರಿದು ಅದರ ಬಿಸಿಯನ್ನು ತಾನು ಹೀರಿಕೊಳ್ಳುತ್ತದೆ.

ಈ ಕೆಲಸದ ಗುರಿ ಕ್ಷಿಪಣಿ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. 2024ರ ನವೆಂಬರಿನಲ್ಲಿ 1,500 ಕಿಲೋಮೀಟರಿಗೂ ಮೀರಿ ಸಾಗಬಲ್ಲ ಹೈಪರ್‌ಸಾನಿಕ್ ಕ್ಷಿಪಣಿಯ ಪರೀಕ್ಷೆಯೂ ನಡೆಯಿತು. ಆಯುಧದ ವಿವರಗಳಿಗೆ ಗುಟ್ಟು ಬೇಕಾಗುತ್ತದೆ, ಸರಿ. ಆದರೆ ಸೋಲಿಗೆ ಅಷ್ಟೇ ಗುಟ್ಟು ಬೇಕೆ? 2019ರ ಆ ಹಾರಾಟದಲ್ಲಿ ಏನಾಯಿತು ಎಂಬುದನ್ನು ಪೊವಾಯಿಯಲ್ಲೋ ಬೆಂಗಳೂರಿನಲ್ಲೋ ಕಲಿಯುತ್ತಿರುವ ಹುಡುಗಿಯೊಬ್ಬಳು ಓದುವಂತಾದರೆ, ಅವಳು ಅದೇ ತಪ್ಪನ್ನು ಮತ್ತೆ ಮೊದಲಿನಿಂದ ಮಾಡಬೇಕಾಗಿಲ್ಲ. ಎಕ್ಸ್-43ಎಯ ವರದಿಯನ್ನು ನಮ್ಮ ವಿದ್ಯಾರ್ಥಿಗಳು ಓದಬಲ್ಲರು, ನಮ್ಮದೇ ವಾಹನದ್ದನ್ನು ಓದಲಾರರು. ಇದು ನನ್ನ ನಿಜವಾದ ನೋವು. ಕೆಲವು ವರ್ಷ ಕಳೆದ ಮೇಲಾದರೂ ಪರೀಕ್ಷಾ ಹಾರಾಟಗಳ ಸೋಲಿನ ವರದಿಗಳನ್ನು ಹೊರತರುವ ಪದ್ಧತಿ ನಮ್ಮಲ್ಲಿ ಬರಬೇಕು. ಮತ್ತು ಅವುಗಳ ಸಾರ ಕನ್ನಡದಲ್ಲೂ ಬರಬೇಕು ಎಂದು ಈ ವೇದಿಕೆಯಿಂದ ಕೇಳುತ್ತೇನೆ. ಚಳ್ಳಕೆರೆಯ ಶಾಲಾಮಕ್ಕಳಿಗೆ ತಮ್ಮೂರಿನ ಆಕಾಶದಲ್ಲಿ ಏನು ನಡೆಯಿತು ಎಂದು ತಮ್ಮ ಭಾಷೆಯಲ್ಲಿ ಓದುವ ಹಕ್ಕಿದೆ.

ಇಸ್ರೊದ ಮುಂದಿನ ಹೆಜ್ಜೆ ಈ ಎಲ್ಲಕ್ಕಿಂತ ಕಷ್ಟದ್ದು. ಈಗಿನದಕ್ಕಿಂತ 1.6 ಪಟ್ಟು ದೊಡ್ಡದಾದ ರೆಕ್ಕೆವಾಹನವನ್ನು ಮಾರ್ಪಡಿಸಿದ ಜಿಎಸ್‌ಎಲ್‌ವಿ ರಾಕೆಟ್ಟಿನ ಮೇಲಿಟ್ಟು ಕಕ್ಷೆಗೇ ಕಳಿಸಿ, ಅಲ್ಲಿಂದ ಮರಳಿಸಿ ರನ್‌ವೇ ಮೇಲೆ ಇಳಿಸುವುದು. 2016ರಲ್ಲಿ ವಾತಾವರಣಕ್ಕೆ ಮರಳಿದ್ದು ಶಬ್ದದ ಐದು ಪಟ್ಟಿನಲ್ಲಿ. ಕಕ್ಷೆಯಿಂದ ಬರುವಾಗ ಅದು ಇಪ್ಪತ್ತೈದರ ಹತ್ತಿರ. ವೇಗ ಐದು ಪಟ್ಟಾದರೆ ಕಳೆದುಕೊಳ್ಳಬೇಕಾದ ಶಕ್ತಿ ಇಪ್ಪತ್ತೈದು ಪಟ್ಟಾಗುತ್ತದೆ. ಆ ಶಕ್ತಿಯ ಬಹುಭಾಗವನ್ನು ಸುತ್ತಲಿನ ಗಾಳಿಗೆ ಬಿಟ್ಟುಕೊಟ್ಟು, ಮೈಗೆ ತಾಗುವ ಉಳಿದ ಬಿಸಿಯನ್ನು ಬಿಲ್ಲೆಗಳೂ ಮೂತಿಯೂ ತಡೆದುಕೊಳ್ಳಬೇಕು; ಕಾದು ಒಡೆದ ಗಾಳಿಯ ಪದರ ರೇಡಿಯೋವನ್ನು ಮುಚ್ಚಿಹಾಕಿದ ನಿಮಿಷಗಳಲ್ಲಿ ಯಾರ ಮಾತೂ ಕೇಳಿಸದೆ ವಾಹನ ತಾನೇ ನಿರ್ಧರಿಸುತ್ತ ಇಳಿಯಬೇಕು. ಆ ಪ್ರಯೋಗ ಇನ್ನೂ ನಡೆಯಬೇಕಿದೆ.